ಒಡತಿಯೂ ಗರ್ಲ್‌ಬಾಸೂ

ಹಳೆಯ ಉಡುಪುಗಳನ್ನು ಮಾರಿ 2006ರಲ್ಲಿ ವ್ಯಾಪಾರವನ್ನಾರಂಭಿಸಿದ ಅಮೆರಿಕೆಯ ಸೋಫಿಯಾ ಅಮೊರುಸೊ ಎಂಬಾಕೆ, 2014ರಲ್ಲಿ ಪ್ರಕಟಿಸಿದ ತನ್ನ ಗ್ರಂಥಕ್ಕೆ ‘ಗರ್ಲ್‌ಬಾಸ್’ ಎಂದು ಹೆಸರಿಟ್ಟಳು. ಉದ್ಯಮವನ್ನಾಳುವ ಸ್ತ್ರೀಗೆ ಆ ಬಳಿಕ ಆ ಪದವು ರೂಢವಾಯಿತು. ‘ಬಾಸ್’ ಎಂಬುದು ಯಜಮಾನನೆಂಬರ್ಥದ ಡಚ್ ಶಬ್ದದಿಂದ ಇಂಗ್ಲಿಷಿಗೆ ಬಂದುದು. ಇಂಗ್ಲಿಷಿನಲ್ಲಿ ಅದಕ್ಕೆ ಲಿಂಗಭೇದವಿಲ್ಲ. ಅದಕ್ಕೆ ‘ಹುಡುಗಿ’ಯನ್ನು ಜೋಡಿಸಿದೊಡನೆ ಪ್ರೌಢೆಯ ಅಧಿಕಾರವು ಆಟದಂತೆ ತೋರಿತು. ಗಂಡಸನ್ನು ಯಾರೂ ‘ಹುಡುಗ ಯಜಮಾನ’ನೆಂದು ಕರೆಯರಷ್ಟೆ! ಆಕೆಯ ಸಂಸ್ಥೆಯು 2016ರಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿತು; ಕ್ರಮೇಣ ಹೊಗಳಿಕೆಯ ಪದವೂ ಅಪಹಾಸ್ಯಕ್ಕೆ ಈಡಾಯಿತು.

ಕನ್ನಡದ ‘ಒಡತಿ’ಯಾದರೋ ‘ಒಡೆಯ’ನಿಗೆ ಸರಿಜೋಡಿ, ಎರಡರಲ್ಲಿಯೂ ಅರ್ಥವು ಸ್ವಾಮ್ಯವೇ. ಆದರೆ ‘ಯಜಮಾನಿ’ಯೆಂದಾಗ, ಯಜಮಾನನ ಹೆಂಡತಿಯೋ, ತಾನೇ ಅಧಿಕಾರವುಳ್ಳವಳೋ ಎಂಬ ಸಂದೇಹವುಳಿಯುತ್ತದೆ. ಸಾಲಪತ್ರಕ್ಕೆ ರುಜು ಹಾಕುವವಳಿಗೆ ಇದು ಅಲ್ಪ ವಿಷಯವಲ್ಲ. ಸಾಲ ಕೊಟ್ಟವನು ಅವಳನ್ನು ಹುಡುಗಿಯೆಂದು ಬಿಡುವುದಿಲ್ಲ. ಹೊಣೆಗೆ ಸಂದ ನ್ಯಾಯವು ಹೆಸರಿಗೂ ಸಲ್ಲತಕ್ಕದ್ದು.