ಸುಟ್ಟ ವಾಸನೆಯ ಬೆನ್ನು ಹತ್ತಿ

ಪಂಚೇಂದ್ರಿಯಗಳಲ್ಲಿ ಮೂಗಿಗೆ ದೊರೆತಿರುವ ಮರ್ಯಾದೆ ಬಹಳ ಕಡಿಮೆ. ಕಣ್ಣಿಗೆ ಕವಿಗಳು ಕಮಲವನ್ನೂ ಮೀನನ್ನೂ ತಂದು ಹೋಲಿಸಿದ್ದಾರೆ; ಕಿವಿಗೆ ಸಂಗೀತಗಾರರ ಸೇವೆ ಉಂಟು; ನಾಲಗೆಯ ವಿಷಯವನ್ನು ಹಾಸ್ಟೆಲಿನಲ್ಲಿರುವ ನಾವು ಎತ್ತದಿರುವುದೇ ಒಳ್ಳೆಯದು. ಮೂಗು ಮಾತ್ರ ನಮ್ಮ ಮಾತಿನಲ್ಲಿ ಕಾಣಿಸಿಕೊಳ್ಳುವುದು ಅಪಕೀರ್ತಿಯ ಸಂದರ್ಭದಲ್ಲಿಯೇ. ಬೇರೆಯವರ ವಿಷಯದಲ್ಲಿ ತೂರಿಸುವುದು ಮೂಗು. ಊಟ ಸೇರದಿದ್ದರೆ ಮುರಿಯುವುದು ಮೂಗು. ಎತ್ತಿಗೆ ದಾರ ಪೋಣಿಸುವುದೂ ಮೂಗಿಗೇ. ಸಂಪಿಗೆಯಂಥ ಮೂಗು ಎಂದವರು ಕೂಡ ಅದರ ಆಕಾರವನ್ನು ಹೊಗಳಿದರೇ ಹೊರತು ಅದು ಮಾಡುವ ಕೆಲಸವನ್ನು ಹೊಗಳಲಿಲ್ಲ. ಆ ಕೆಲಸ ಎಷ್ಟು ದೊಡ್ಡದೆಂಬುದನ್ನು ನನಗೆ ತಿಳಿಸಿಕೊಟ್ಟದ್ದು ನಮ್ಮ ಮನೆಯ ಕಾರು.

ಕಾರೆಂದೊಡನೆ ವಾಚಕರು ಏನೇನೋ ಊಹಿಸಿಕೊಳ್ಳಬಾರದು. ಅದು ಡಬ್ಬಿಯ ಆಕಾರದ, ಹಳದಿ ಬೋರ್ಡಿನ ಒಂದು ಹಳೆಯ ವ್ಯಾನು. ತೀರ್ಥಹಳ್ಳಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅದನ್ನು ಎಲ್ಲರೂ ಕಾರೆಂದೇ ಕರೆಯುತ್ತಾರಾದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ತಯಾರಿಸಿದ ಕಂಪೆನಿಯ ಹೆಸರನ್ನು ಹೇಳಲಾರೆ. ಅಷ್ಟು ವರ್ಷ ಮಲೆನಾಡಿನ ಮಳೆಯಲ್ಲಿ ದುಡಿದ ಮೇಲೆ ಯಾರ ಮೈಯಿಂದ ತಾನೆ ವಾಸನೆ ಬಾರದು? ಅದರ ಇಂಜಿನ್ನು ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಅದನ್ನು ಓಡಿಸುವವನು ಒಲೆಯ ಮೇಲೆ ಮಣೆ ಹಾಕಿಕೊಂಡು ಕುಳಿತವನಂತೆಯೇ ಸರಿ.

ಅಪ್ಪಯ್ಯ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಬಹಳ ವರ್ಷ ಇನ್ನೊಬ್ಬರ ಜೀಪು ಓಡಿಸಿ, ಕಡೆಗೆ ಸಾಲ ಮಾಡಿ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ಮದುವೆ ಮುಂಜಿಗಳಿಗೆ, ಶೃಂಗೇರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಗುಂಬೆ ಘಾಟಿ ಇಳಿದು ಉಡುಪಿ ಮಣಿಪಾಲಗಳ ಆಸ್ಪತ್ರೆಗಳಿಗೆ ಬಾಡಿಗೆ. ನನ್ನ ಕಾಲೇಜಿನ ಫೀಸು, ಹಾಸ್ಟೆಲಿನ ಊಟ, ಈ ಲೇಖನವನ್ನು ಬರೆಯುತ್ತಿರುವ ಪೆನ್ನು, ಎಲ್ಲವೂ ಆ ಸೀಟಿನ ಅಡಿಯ ಇಂಜಿನ್ನಿನಿಂದಲೇ ಹುಟ್ಟಿದುವು.

ಕಳೆದ ಶ್ರಾವಣದಲ್ಲಿ ಊರಿನ ಒಬ್ಬ ಬಾಣಂತಿಯನ್ನೂ ಹತ್ತು ದಿನದ ಕೂಸನ್ನೂ ಮಣಿಪಾಲದಿಂದ ಮನೆಗೆ ಕರೆತರುವ ಬಾಡಿಗೆ ಬಂದಿತು. ಸೋಮೇಶ್ವರದಿಂದ ಹದಿನಾಲ್ಕು ತಿರುವುಗಳನ್ನು ಹತ್ತಿ ಆಗುಂಬೆಯಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದಾಗ ಸೀಟಿನ ಅಡಿಯಿಂದ ಸುಟ್ಟ ವಾಸನೆ ಎದ್ದಿತಂತೆ. ಜೊತೆಯಲ್ಲಿದ್ದ ಅಜ್ಜಿ ಕೂಸನ್ನು ಎತ್ತಿಕೊಂಡು ಕೆಳಗಿಳಿದವರು ಮತ್ತೆ ಹತ್ತಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ. ಆದ್ರೆ ಬೆಂಕಿ ಮೇಲೆ ನಾನು ಕೂಸನ್ನ ಕೂರ್ಸೂದಿಲ್ಲ" ಎಂದು ಹೇಳಿ, ಮಗಳೊಡನೆ ಬಸ್ಸಿಗೆ ಕಾದು ನಿಂತರು. ಅಪ್ಪಯ್ಯ ಖಾಲಿ ಕಾರನ್ನು ಬಸ್ಸಿನ ಹಿಂದೆಯೇ ಓಡಿಸಿಕೊಂಡು ಬಂದು, ನಿಲ್ದಾಣದಿಂದ ಅವರ ಸಾಮಾನನ್ನು ಹೊತ್ತು ಮನೆಗೆ ಮುಟ್ಟಿಸಿದರು, ಬಾಡಿಗೆ ಕೇಳಲಿಲ್ಲ.

ಹಳ್ಳಿಯಲ್ಲಿ ಸುದ್ದಿಗೆ ಪೆಟ್ರೋಲು ಬೇಕಿಲ್ಲ. ವಾರದೊಳಗೆ "ಆ ಕಾರಲ್ಲಿ ಸುಟ್ಟ ವಾಸನೆಯಂತೆ" ಎಂಬ ಮಾತು ನಾಲ್ಕು ಊರುಗಳನ್ನು ಸುತ್ತಿತು. ಬಾಡಿಗೆಗಳು ಒಂದೊಂದಾಗಿ ಬೇರೆಯವರ ಪಾಲಾದುವು. ಒಬ್ಬ ಮೆಕ್ಯಾನಿಕ್ಕರು ಬ್ರೇಕೆಂದು ಹೇಳಿ ನಾಲ್ಕು ಚಕ್ರಗಳನ್ನೂ ಬಿಚ್ಚಿ ಹಾಕಿದರು. ಇನ್ನೊಬ್ಬರು ವಯರಿಂಗೆಂದು ಹೇಳಿ ಸೀಟಿನ ಕೆಳಗಿನ ವಯರುಗಳನ್ನೆಲ್ಲ ಬದಲಾಯಿಸಿದರು. ಹಣ ಹೋಯಿತು, ವಾಸನೆ ಹೋಗಲಿಲ್ಲ. ಗುಜರಿಯವನೊಬ್ಬ ಮನೆಯ ಮುಂದೆ ಬಂದು, ಕಾರನ್ನು ಮಾತ್ರವಲ್ಲದೆ ಅಪ್ಪಯ್ಯನ ಮುಖವನ್ನೂ ಒಂದು ಸುತ್ತು ನೋಡಿ, ಒಂದು ಬೆಲೆ ಹೇಳಿ ಹೋದ. ಸಾಲದಲ್ಲಿ ಉಳಿದಿದ್ದ ಕಂತುಗಳು ಆ ಬೆಲೆಗಿಂತ ಹೆಚ್ಚಾಗಿದ್ದುವು.

ದಸರಾ ರಜೆಗೆ ನಾನು ಮನೆಗೆ ಹೋದಾಗ ಪರಿಸ್ಥಿತಿ ಹೀಗಿತ್ತು. ನನಗೆ ಯಂತ್ರದ ವಿದ್ಯೆ ಬಾರದು. ಆದರೆ ತರ್ಕಶಾಸ್ತ್ರದ ತರಗತಿಯಲ್ಲಿ, ಜಾನ್ ಸ್ಟುವರ್ಟ್ ಮಿಲ್ಲನು 1843ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ ಐದು ವಿಧಾನಗಳನ್ನು ನಮಗೆ ಪಾಠ ಮಾಡಿದ್ದರು. ಕಾರ್ಯವು ಎಲ್ಲೆಲ್ಲಿ ಕಾಣಿಸುತ್ತದೆಯೋ ಅಲ್ಲೆಲ್ಲ ಸಮಾನವಾಗಿರುವುದೇನು, ಅದು ಕಾಣಿಸದಿರುವಲ್ಲಿ ಇಲ್ಲದಿರುವುದೇನು, ಒಂದು ಹೆಚ್ಚಿದಂತೆ ಇನ್ನಾವುದು ಹೆಚ್ಚುತ್ತದೆ ಎಂದು ನೋಡುತ್ತ ಹೋಗುವುದೇ ಅವುಗಳ ಸಾರ. (ಐದರಲ್ಲಿ ಎರಡನ್ನು ಓದಿದರೆ ಪರೀಕ್ಷೆಗೆ ಸಾಕೆಂಬುದು ನಮ್ಮ ತರಗತಿಯಲ್ಲಿ ಪರಂಪರೆಯಿಂದ ಬಂದ ನಂಬಿಕೆ. ಅಧ್ಯಾಪಕರು ಕ್ಷಮಿಸಬೇಕು.) ನಾನು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದೆ: ದಿನ, ದಾರಿ, ಎಷ್ಟು ಜನ, ಏರೋ ಇಳಿತವೋ, ವಾಸನೆ ಉಂಟೋ ಇಲ್ಲವೋ.

"ವಾಸ್ನೆಗೆ ಲೆಕ್ಕ ಎಂತದು ಮಾರಾಯ!" ಎಂದು ಅಪ್ಪಯ್ಯ ನಕ್ಕರು. ಆದರೆ ಮರುದಿನ ಹೊರಡುವಾಗ ನೋಟ್‌ಬುಕ್ಕನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು.

ಸುಟ್ಟ ವಾಸನೆಗಳಲ್ಲಿಯೂ ಜಾತಿಗಳಿರುವುದು ನನಗೆ ತಿಳಿದದ್ದು ಅವರಿಂದ. ಬ್ರೇಕು ಕಾದರೆ ಮೂಗಿಗೆ ಚುಚ್ಚುವ ಘಾಟು. ಯಾವುದಾದರೂ ಒಂದು ಚಕ್ರದ ಹತ್ತಿರ ಅಂಗೈ ಹಿಡಿದರೆ ಶಾಖ ಹೊಡೆಯುತ್ತದೆ. ಕ್ಲಚ್ಚು ಸವೆಯುತ್ತಿದ್ದರೆ ಕಾಗದವನ್ನೋ ಹಳೆಯ ಹಗ್ಗವನ್ನೋ ಸುಟ್ಟಂತೆ. ರೇಡಿಯೇಟರಿನ ಕೂಲೆಂಟು ಸೋರಿದರೆ ಸ್ವಲ್ಪ ಸಿಹಿ ವಾಸನೆ. ವಯರು ಸುಟ್ಟರೆ ಪ್ಲಾಸ್ಟಿಕ್ಕಿನದು. ಅದು ಬಂದರೆ ಯೋಚನೆ ಮಾಡುತ್ತ ಕೂರದೆ ಕಾರು ನಿಲ್ಲಿಸಿ, ಜನರನ್ನು ಇಳಿಸಿ, ಬ್ಯಾಟರಿಯ ಸಂಪರ್ಕ ತೆಗೆಯಬೇಕು. ರಸ್ತೆಯ ಮೇಲಿನ ಪ್ಲಾಸ್ಟಿಕ್ ಚೀಲವೊಂದು ಸೈಲೆನ್ಸರಿಗೆ ಮೆತ್ತಿಕೊಂಡು ಕರಗಿದರೂ ಅದೇ ವಾಸನೆಯಾದ್ದರಿಂದ, ಮೊದಲು ಬಗ್ಗಿ ಕಾರಿನ ಹೊಟ್ಟೆಯನ್ನು ನೋಡಬೇಕು. ಇಷ್ಟನ್ನು ಅವರು ಯಾವ ಪುಸ್ತಕವೂ ಇಲ್ಲದೆ ನನಗೆ ಒಂದೇ ಸಂಜೆಯಲ್ಲಿ ಹೇಳಿದರು.

ಆ ರಜೆಯಲ್ಲಿ ಹೇಗೋ ಏಳು ಸಲ ಘಾಟಿ ಇಳಿದು ಹತ್ತುವ ಸಂದರ್ಭ ಬಂತು. ಹತ್ತಿದ ಏಳು ಸಲವೂ ವಾಸನೆ. ಇಳಿದಾಗ ಒಂದು ಸಲವೂ ಇಲ್ಲ. ಬ್ರೇಕಿಗೆ ಅತ್ಯಂತ ಕಷ್ಟವಾಗುವುದು ಇಳಿಯುವಾಗ. ಆದ್ದರಿಂದ ಬ್ರೇಕು ನಿರಪರಾಧಿ. ರಾತ್ರಿ ಸಮನೆಲದಲ್ಲಿ ಎಲ್ಲ ದೀಪಗಳನ್ನೂ ಹಾಕಿಕೊಂಡು ಹೋದರೂ ವಾಸನೆಯಿಲ್ಲವಾಗಿ, ವಯರಿನ ಮೇಲಿನ ಸಂದೇಹ ಕಡಿಮೆಯಾಯಿತು. ರೇಡಿಯೇಟರಿನ ಮಟ್ಟ ಇಳಿದಿರಲಿಲ್ಲ. ಅಪ್ಪಯ್ಯನಿಗೆ ಒಳಗೊಳಗೇ ಕ್ಲಚ್ಚಿನ ಮೇಲೆ ಅನುಮಾನ. ಒಂದು ದಿನ ತಿರುವುಗಳಲ್ಲಿ ಎಲ್ಲಿಯೂ ಅರ್ಧ ಕ್ಲಚ್ಚಿನಲ್ಲಿ ತಡೆಯದೆ ಫಸ್ಟು ಸೆಕೆಂಡು ಗೇರುಗಳಲ್ಲಿಯೇ ನಿಧಾನವಾಗಿ ಹತ್ತಿದರು. ವಾಸನೆ ಎಂದಿನಷ್ಟೇ ಬಂದಿತು. ಇನ್ನೊಂದು ವಿಚಿತ್ರವೂ ನೋಟ್‌ಬುಕ್ಕಿನಲ್ಲಿ ಎದ್ದು ಕಂಡಿತು: ವಾಸನೆ ಬರುವುದು ಓಡುವಾಗಲ್ಲ, ನಿಲ್ಲಿಸಿದ ನಾಲ್ಕೈದು ನಿಮಿಷಗಳ ಮೇಲೆ.

ಇಷ್ಟಾದರೂ ಅದು ಯಾವ ಜಾತಿಯ ವಾಸನೆ ಎಂಬುದನ್ನು ನಮ್ಮಿಬ್ಬರಿಂದಲೂ ಹೇಳಲಾಗಲಿಲ್ಲ. ಒಂದೇ ವಾಸನೆಯ ನಡುವೆ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ವರದಿ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಅಪ್ಪಯ್ಯನಾದರೋ ದಿನವೆಲ್ಲ ಆ ಇಂಜಿನ್ನಿನ ಮೇಲೆಯೇ ಕುಳಿತವರು. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆಯೆಂದೂ, ಅಂಥ ಗ್ರಾಹಕಗಳನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂದಿತೆಂದೂ ಬಿ.ಎಸ್ಸಿ. ಗೆಳೆಯನೊಬ್ಬ ಹೇಳಿದ. ನಮ್ಮ ನಾಲ್ಕುನೂರು ಮಾತ್ರ ಮುಷ್ಕರ ಹೂಡಿದ್ದುವು.

ಎಂಟನೆಯ ಸಲ ನಾವು ಹೆಬ್ರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬರುತ್ತಿದ್ದೆವು. ಹಿಂದಿನ ಸೀಟು ನೆಂಟರಿಂದ ತುಂಬಿದ್ದರಿಂದ, ಎಂದೂ ಮುಂದೆ ಕೂರದ ಅಮ್ಮ ಅಂದು ಅಪ್ಪಯ್ಯನ ಪಕ್ಕದಲ್ಲಿ ಕುಳಿತಿದ್ದಳು. ಆಗುಂಬೆಯಲ್ಲಿ ಕಾರು ನಿಂತಿತು. ಎಲ್ಲರೂ ಇಳಿದರು, ಅಮ್ಮ ಇಳಿಯಲಿಲ್ಲ. ಎರಡು ಸಲ ಉಸಿರೆಳೆದು ಹೇಳಿದಳು: "ಇದು ವಯರೂ ಅಲ್ಲ, ರಬ್ಬರೂ ಅಲ್ಲ. ಕಾವ್ಲಿ ಅಂಚಿಂದ ಎಣ್ಣೆ ಜಾರಿ ಕೆಂಡದ ಮೇಲೆ ಬಿದ್ದ ಹಾಗೆ ಉಂಟು. ಹೊಸ ಎಣ್ಣೆಯೂ ಅಲ್ಲ, ಕರಿದು ಉಳಿದದ್ದು. ಸೀಟು ಎತ್ತಿ ನೋಡಿ."

ನಮ್ಮ ನೈಯಾಯಿಕರು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದಕ್ಕೆ ದೃಷ್ಟಾಂತವಾಗಿ ಕೊಟ್ಟದ್ದು ಅಡಿಗೆಮನೆಯನ್ನು. ಹೊಗೆ ಬೆಂಕಿಗಳು ಒಟ್ಟಿಗಿರುವುದನ್ನು ನಾವು ಮೊದಲು ನೋಡುವುದು ಅಲ್ಲಿಯೇ ಅಲ್ಲವೆ? ಆ ದೃಷ್ಟಾಂತವನ್ನು ನಾನು ಎರಡು ವರ್ಷ ಬಾಯಿಪಾಠ ಮಾಡಿದ್ದೆ. ಅಡಿಗೆಮನೆಯೇ ಎದ್ದು ಬಂದು ಸಾಕ್ಷಿ ಹೇಳಿದ್ದನ್ನು ಕೇಳಿದ್ದು ಅಂದೇ. ಅಡಿಗೆಯ ಅನಿಲಕ್ಕೂ ಸ್ವಂತ ವಾಸನೆಯಿಲ್ಲವಷ್ಟೆ; ಅದಕ್ಕೆ ನಾರುವ ರಾಸಾಯನಿಕವನ್ನು ಬೇಕೆಂದೇ ಬೆರೆಸಿರುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಹೀಗೆ ವಾಸನೆಯಿಲ್ಲದ ಅನಿಲ ಸೋರಿ, ಸಿಡಿದು, ಮುನ್ನೂರರ ಹತ್ತಿರ ಜನ, ಹೆಚ್ಚಿನವರು ಮಕ್ಕಳು, ಸತ್ತ ಮೇಲೆ ಅಲ್ಲಿ ವಾಸನೆ ಬೆರೆಸುವುದನ್ನು ಕಾನೂನು ಮಾಡಿದರು. ಆ ವಾಸನೆಯನ್ನು ನಮ್ಮ ಮನೆಗಳಲ್ಲಿ ದಿನವೂ ಕಾಯುತ್ತಿರುವುದು ಅಮ್ಮಂದಿರ ಮೂಗು.

ಸೀಟು ಎತ್ತಿ ಟಾರ್ಚು ಬಿಟ್ಟೆವು. ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಲ್ಲಿ ಕಪ್ಪಗೆ ಒಂದು ಹೊಳಪು. ಅಲ್ಲಿಂದ ಕೆಳಗೆ, ಬಿಸಿ ಹೊಗೆಯನ್ನು ಸೈಲೆನ್ಸರಿಗೆ ಸಾಗಿಸುವ ಮ್ಯಾನಿಫೋಲ್ಡಿನ ಮೇಲೆ, ಬೆಂದು ಕರಕಾದ ಎರಡು ಬೆರಳಗಲದ ಕಲೆ. ಕವರಿನ ಪ್ಯಾಕಿಂಗು ಹಳೆಯದಾಗಿ ಹಪ್ಪಳದಂತೆ ಬಿರುಸಾಗಿತ್ತು. ಕಾರು ಸಮನೆಲದಲ್ಲಿದ್ದಾಗ ಆಯಿಲ್ಲು ತನ್ನ ಪಾಡಿಗೆ ತಾನಿರುತ್ತದೆ. ಘಾಟಿ ಹತ್ತುವಾಗ ಮೂತಿ ಮೇಲಾಗಿ ಆಯಿಲ್ಲೆಲ್ಲ ಹಿಂದಕ್ಕೆ ಸರಿದು ಆ ಮೂಲೆಯಲ್ಲಿ ನಿಂತು ಜಿನುಗುತ್ತದೆ. ಓಡುತ್ತಿರುವಷ್ಟು ಹೊತ್ತು ಅಡಿಯ ಗಾಳಿ ವಾಸನೆಯನ್ನು ಹೊತ್ತೊಯ್ಯುತ್ತದೆ. ನಿಂತೊಡನೆ ಗಾಳಿಯೂ ನಿಲ್ಲುತ್ತದೆ. ಶಾಖದೊಡನೆ ವಾಸನೆ ಸೀಟಿನ ಸಂದಿಯಿಂದ ಮೇಲೇಳುತ್ತದೆ. ಇಂಜಿನ್ ಆಯಿಲ್ಲಿನ ಆವಿ ಕಿಡಿಗೆ ಹೊತ್ತಿಕೊಳ್ಳಲು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಶಾಖ ಬೇಕು. ಏರಿನಲ್ಲಿ ದುಡಿದ ಮ್ಯಾನಿಫೋಲ್ಡು ಅದನ್ನು ಮೀರುವುದು ಕಷ್ಟವಲ್ಲ. ಕೂಸನ್ನೆತ್ತಿಕೊಂಡು ಇಳಿದ ಆ ಅಜ್ಜಿಯನ್ನು ಅಂಜುಬುರುಕಿ ಎಂದು ನಕ್ಕವರು ನಮ್ಮೂರಿನಲ್ಲಿದ್ದಾರೆ. ಅವರ ನಗೆಯಲ್ಲಿ ನನಗೆ ಪಾಲಿಲ್ಲ.

ಹೊಸ ಪ್ಯಾಕಿಂಗಿಗೆ ಕೊಟ್ಟದ್ದು ಬ್ರೇಕಿಗೆ ಕೊಟ್ಟದ್ದರ ಹತ್ತರಲ್ಲೊಂದು ಪಾಲೂ ಅಲ್ಲ. ಅದನ್ನು ಕೂರಿಸಿ, ಮ್ಯಾನಿಫೋಲ್ಡನ್ನು ಉಜ್ಜಿ ಒರೆಸಿದರೂ ಮೊದಲೆರಡು ದಿನ ವಾಸನೆ ಇದ್ದೇ ಇತ್ತು. ಅಪ್ಪಯ್ಯನ ಮುಖ ಮತ್ತೆ ಸಣ್ಣದಾಯಿತು. ಅಮ್ಮ, "ಒಲೆ ಸಾರಿಸಿದ ಮೇಲೂ ಚೆಲ್ಲಿದ್ದು ಉರಿದು ಮುಗೀಬೇಕಲ್ಲ" ಎಂದಳು.

ಮೂರನೆಯ ದಿನ, ನನ್ನ ರಜೆಯ ಕಡೆಯ ಭಾನುವಾರ, ಬಾಡಿಗೆಯಿಲ್ಲದಿದ್ದರೂ ಪೆಟ್ರೋಲು ಸುಟ್ಟುಕೊಂಡು ಮೂವರೂ ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿದೆವು. ಅಮ್ಮ ಮುಂದೆ, ನಾನು ಹಿಂದೆ. ಆಗುಂಬೆಯಲ್ಲಿ ಕಾರು ನಿಲ್ಲಿಸಿ ಕಾಲು ಗಂಟೆ ಯಾರೂ ಮಾತನಾಡದೆ ಕುಳಿತೆವು. ಹೊರಗೆ ಹನಿ ಮಳೆ. ಒದ್ದೆ ಎಲೆಗಳ ವಾಸನೆ ಒಳಕ್ಕೆ ಬರುತ್ತಿತ್ತು. ಅಪ್ಪಯ್ಯ ಅಮ್ಮನ ಮುಖ ನೋಡಿದರು. ಅಮ್ಮ ತಲೆಯಾಡಿಸಿದಳು. ಅವರು ಹಿಂದಕ್ಕೆ ಕೈ ಚಾಚಿ ನೋಟ್‌ಬುಕ್ಕನ್ನೂ ಪೆನ್ನನ್ನೂ ಕೇಳಿ ತೆಗೆದುಕೊಂಡು, ಕಡೆಯ ಕಾಲಮ್ಮಿನಲ್ಲಿ ದಪ್ಪ ಅಕ್ಷರದಲ್ಲಿ, ಒತ್ತಿ, "ಇಲ್ಲ" ಎಂದು ಬರೆದರು.