ಅಳದ ಮಗು

ಅಳುವ ಮಗುವಿಗೇ ಹಾಲು ಎಂಬುದು ಲೋಕರೂಢಿಯ ಮಾತು. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮಾತ್ರ ಈ ಮಾತು ತಲೆಕೆಳಗಾಗುತ್ತದೆ. ಕೈ ಮುರಿದುಕೊಂಡು ಗಟ್ಟಿಯಾಗಿ ಅಳುವ ಬಾಲಕನಿಗೆ ಉಸಿರಾಡುವ ಶಕ್ತಿಯಿದೆ, ಎಚ್ಚರವಿದೆ. ತಾಯಿಯ ಹೆಗಲಿಗೊರಗಿ ಸದ್ದಿಲ್ಲದೆ ಬಿದ್ದಿರುವ ಹಸುಳೆಯೇ ಹೆಚ್ಚಿನ ಅಪಾಯದಲ್ಲಿರಬಹುದು.

ಉತ್ತರ ಬೆಂಗಳೂರಿನ ಯಲಹಂಕವನ್ನೇ ಉದಾಹರಣೆಯಾಗಿ ನೋಡಬಹುದು. 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆ ತಾಯಂದಿರಿಗೂ ಮಕ್ಕಳಿಗೂ ಮೀಸಲಾದ ದೊಡ್ಡ ಸರ್ಕಾರಿ ಆಸ್ಪತ್ರೆ. ಅದು ಇರುವುದು ನಗರದ ಕೋಟೆಯ ಬಳಿ. ಯಲಹಂಕದಿಂದ 15 ಕಿಲೋಮೀಟರಿಗೂ ಹೆಚ್ಚು ದೂರ. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಆದರೆ ಹೆಬ್ಬಾಳದ ವಾಹನದಟ್ಟಣೆಯಲ್ಲಿ ಸಿಲುಕಿದ ವಾಹನ ಎಷ್ಟು ಕೂಗಿಕೊಂಡರೂ ನಿಧಾನವಾಗಿಯೇ ಸಾಗಬೇಕು. ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಮನೆಗೆ ಹತ್ತಿರದ ಆಸ್ಪತ್ರೆಯ ಬಾಗಿಲಿನಲ್ಲೇ ಮೊದಲಾಗಬೇಕು.

ಆ ಬಾಗಿಲಿನಲ್ಲಿ ನಿಲ್ಲುವವರು ಬಹುಮಟ್ಟಿಗೆ ದಾದಿಯರು. ಬಂದ ಮಕ್ಕಳನ್ನು ಕಂಡೊಡನೆ ಮೂರು ಗುಂಪುಗಳಾಗಿ ವಿಂಗಡಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ: ಕ್ಷಣವೂ ಕಾಯಲಾಗದವರು, ಬೇಗ ನೋಡಬೇಕಾದವರು, ಸರದಿಯಲ್ಲಿ ಕಾಯಬಲ್ಲವರು. ಉಸಿರಿಗೆ ತಡೆಯಿದೆಯೆ? ಕೈಕಾಲು ತಣ್ಣಗಾಗಿವೆಯೆ? ಫಿಟ್ಸ್ ಬಂದಿದೆಯೆ? ಕರೆದರೆ ಕಣ್ಣು ತೆರೆಯುತ್ತದೆಯೆ? ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದಿವೆಯೆ? ಇಷ್ಟನ್ನು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ತರಬೇತಿ ಪಡೆದ ಕಣ್ಣು, ಕೈ ಸಾಕು.

ಮಕ್ಕಳೆಂದರೆ ಚಿಕ್ಕ ಅಳತೆಯ ದೊಡ್ಡವರಲ್ಲ. ಒಂದೇ ವಿಭಾಗಕ್ಕೆ 3 ಕಿಲೋ ತೂಕದ ಕೂಸೂ ಬರುತ್ತದೆ, 40 ಕಿಲೋ ತೂಕದ ಬಾಲಕನೂ ಬರುತ್ತಾನೆ. ಔಷಧಿಯ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಲೆಕ್ಕಹಾಕಬೇಕು. ಆಮ್ಲಜನಕದ ಮುಖವಾಡ ಪುಟ್ಟ ಮುಖಕ್ಕೆ ಸರಿಯಾಗಿ ಕೂರಬೇಕು. ತೂಗುವಷ್ಟೂ ವ್ಯವಧಾನವಿಲ್ಲದಾಗ ಮಗುವಿನ ಉದ್ದದಿಂದಲೇ ತೂಕವನ್ನು ಅಂದಾಜು ಮಾಡುವ ಬಣ್ಣದ ಪಟ್ಟಿಯನ್ನು ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ರೂಪಿಸಿದರು.

ಇಂಥ ಏರ್ಪಾಡಿನ ಫಲ ಏನೆಂಬುದಕ್ಕೆ ಆಫ್ರಿಕಾದ ಬಡರಾಷ್ಟ್ರ ಮಲಾವಿ ಸಾಕ್ಷಿ. ಅಲ್ಲಿನ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಗೆ ದಾಖಲಾದ ಪ್ರತಿ ನೂರು ಮಕ್ಕಳಲ್ಲಿ 10ರಿಂದ 18 ಮಂದಿ ಅಸುನೀಗುತ್ತಿದ್ದರು. ಬಾಗಿಲಿನಲ್ಲೇ ವಿಂಗಡಿಸಿ ಒಡನೆಯೇ ಚಿಕಿತ್ಸೆ ನೀಡುವ ಕ್ರಮ ಬಂದ ಮೇಲೆ ಆ ಸಂಖ್ಯೆ 6ರಿಂದ 8ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು.

ಆದರೂ ದಾದಿಯ ಕೆಲಸ ಸುಲಭವಲ್ಲ. ಬೆಳಗಿನಿಂದ ಕಾದು ಕುಳಿತ ತಂದೆಗೆ, ಈಗ ತಾನೇ ಬಂದ ಮಗುವನ್ನು ಒಳಗೆ ಕರೆದುಕೊಂಡದ್ದು ಅನ್ಯಾಯವಾಗಿ ತೋರುತ್ತದೆ. ಅವನ ಸಿಟ್ಟನ್ನು ಸಹಿಸಿಕೊಳ್ಳುವುದೂ ಅವಳ ಪಾಲಿನ ಕೆಲಸವೇ. ಎಲ್ಲರಿಗೂ ಒಂದೇ ಸರದಿಯೆಂಬುದು ಅಂಗಡಿಯ ನ್ಯಾಯ. ಹೆಚ್ಚು ನೊಂದವರಿಗೆ ಮೊದಲ ಸ್ಥಾನವೆಂಬುದು ಆಸ್ಪತ್ರೆಯ ನ್ಯಾಯ. ಇದನ್ನು ಅರಿತು ದಾರಿ ಬಿಡುವವನು, ತಾನು ವೈದ್ಯನಲ್ಲದಿದ್ದರೂ, ಒಂದು ಜೀವ ಉಳಿಸುವ ಕಾರ್ಯದಲ್ಲಿ ಪಾಲುಗಾರನಾಗುತ್ತಾನೆ.