ವಳಸಂಗದ ದಾರಿಯಲ್ಲಿ ಸದ್ದಿನ ಗಡಿ

ವಳಸಂಗದಿಂದ ಸೊಲ್ಲಾಪುರದ ನ್ಯಾಯಾಲಯಕ್ಕೆ ಹೊರಟಾಗಲೆಲ್ಲ ಹೊಟಗಿ ರಸ್ತೆಯ ವಿಮಾನ ನಿಲ್ದಾಣ ನೆನಪಾಗುತ್ತದೆ. ವಿಮಾನಗಳ ಹಾದಿಗೆ ಅಡ್ಡವೆಂದು, ವರ್ಷಗಟ್ಟಲೆ ವ್ಯಾಜ್ಯ ನಡೆದ ಬಳಿಕ, ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್ 15ರಂದು ಕೆಡವಲಾಯಿತು. ಕಬ್ಬು ಬೆಳೆಗಾರರು ನೊಂದರು. 2025ರ ಜೂನ್‌ನಲ್ಲಿ ಗೋವೆಗೆ ವಿಮಾನ ಹಾರಿತು.

ಚಿಮಣಿ ಕಣ್ಣಿಗೆ ಕಾಣುತ್ತಿತ್ತು. ಸದ್ದಿನ ಗಡಿ ಕಾಣದು. 2018ರ ಕೇಂದ್ರ ಅಧಿಸೂಚನೆಯು ಸಣ್ಣ ವಿಮಾನ ನಿಲ್ದಾಣಗಳ ವಲಯಕ್ಕೆ ಹಗಲು 65, ರಾತ್ರಿ 60 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿದೆ. ಮನೆ ಕಟ್ಟಿದ ಮೇಲೆ ಅದನ್ನು ಓದಿ ಫಲವೇನು?

ಹೈದರಾಬಾದ್ ರಸ್ತೆಯ ಬೋರಾಮಣಿಯಲ್ಲಿ ಯೋಜಿಸಿದ ಹೊಸ ನಿಲ್ದಾಣ ಇನ್ನೂ ಎದ್ದಿಲ್ಲ. ಅದರ ನಕ್ಷೆಯಲ್ಲಿ ಸದ್ದಿನ ಗಡಿಯನ್ನೂ ಈಗಲೇ ಗುರುತಿಸಿ, ಮರಾಠಿಯೊಡನೆ ಕನ್ನಡದಲ್ಲಿಯೂ ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸಲಿ. ನಿವೇಶನ ಕೊಳ್ಳುವವನು ಮೊದಲೇ ಓದಿದರೆ, ನಾಳೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ತಪ್ಪೀತು.